ಮೂರನೇ ಮಹಡಿಯ ದುರ್ಬೀನು

ಕನ್ನಡಕದಂಗಡಿಯವನ ಕಾಲು ಆ ನಾಲ್ಕು ದಿನ ನೆಲದ ಮೇಲಿರಲಿಲ್ಲ. ದಿನಾ ಸಂಜೆ ಐದಕ್ಕೆ ಪಾರ್ಕಿನ ಬೆಂಚಿನಲ್ಲಿ ಟೈಲರನೊಂದಿಗೆ ಚದುರಂಗಕ್ಕೆ ಕೂತು, ಮೂರು ತಿಂಗಳು ಬಿಡದೆ ಸೋತು ಸುಣ್ಣವಾಗಿದ್ದವನು ಈಗ ಸಾಲಾಗಿ ನಾಲ್ಕು ಆಟ ಗೆದ್ದಿದ್ದ. ಮೊದಲು ಕುದುರೆ ಬಿಡುವ ತನ್ನ ಹೊಸ ವರಸೆಯೇ ಇದಕ್ಕೆ ಕಾರಣ ಎಂದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಕಣ್ಣು ಪರೀಕ್ಷೆಗೆ ಕೂತವರು ಎದ್ದು ಹೋಗುವಂತಿರಲಿಲ್ಲವಾದ್ದರಿಂದ ಕೇಳಿಸಿಕೊಂಡರು.

ಅವನಿಗೆ ಚದುರಂಗಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿತ್ತು. ಹಳೆಯ ಬಂದೂಕಿನ ದುರ್ಬೀನುಗಳು. ಬಲೂನು ಒಡೆದರೂ ಕಿವಿ ಮುಚ್ಚಿಕೊಳ್ಳುವ ಆಸಾಮಿ. ಬಂದೂಕನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಆದರೆ ಬಂದೂಕಿನ ನೆತ್ತಿಯ ಮೇಲೆ ಕೂರುವ ಆ ಕೊಳವೆ ಕಂಡರೆ ಮೈಮರೆಯುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಹನ್ನೊಂದು ಕೂಡಿಹಾಕಿದ್ದ. ಹೆಂಡತಿ ಅದಕ್ಕೆ ‘ಕೊಳವೆ ಸಂಸಾರ’ ಎಂದು ಹೆಸರಿಟ್ಟಿದ್ದಳು.

ಐದನೆಯ ದಿನ ಮಧ್ಯಾಹ್ನ, ಪಾರ್ಕಿನ ಎದುರಿನ ಕಟ್ಟಡದ ಮೂರನೇ ಮಹಡಿಯಿಂದ ಟೀಚರ್ ಫೋನು ಮಾಡಿದರು. ಅವನಿಗೆ ಒಂಬತ್ತನೇ ಕ್ಲಾಸಿನಲ್ಲಿ ರೇಖಾಗಣಿತ ಕಲಿಸಿದವರು. ಈಗ ನಿವೃತ್ತಿಯಾಗಿ, ತೀರಿಹೋದ ಅಣ್ಣನ ಹೆಂಡತಿಯ ಜೊತೆ ಇದ್ದರು.

“ಏನಪ್ಪಾ, ನನ್ನ ಕನ್ನಡಕ ರಿಪೇರಿ ಆಯ್ತೋ, ಇಲ್ಲ ಗಾಜನ್ನ ಬೀದಿಯಲ್ಲಿ ಹುಡುಕ್ತಾ ಇದ್ದೀಯೋ? ನಾಲ್ಕು ದಿನ ಆಯ್ತು. ಐದು ಗಂಟೆಯೊಳಗೆ ಬೇಕು ನಂಗೆ.”

ಅವನು ಕನ್ನಡಕವನ್ನು ತಾನೇ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಟೀಚರ್ ಕನ್ನಡಕ ಏರಿಸಿ, ಕ್ಯಾಲೆಂಡರಿನ ಸಣ್ಣಕ್ಷರ ಓದಿ, ಸರಿಯಿದೆ ಎಂದರು. ಅತ್ತಿಗೆ ನೀರು ತಂದಿಟ್ಟರು. ಲೋಟಕ್ಕೆ ಕೈ ಹಾಕಿದವನ ಕಣ್ಣು ಕಿಟಕಿಯತ್ತ ಹೋಯಿತು. ಕೈ ಅಲ್ಲೇ ನಿಂತಿತು.

ಕಿಟಕಿಯ ಮುಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಎರಡು ದಪ್ಪ ನಿಘಂಟು. ನಿಘಂಟಿನ ಮೇಲೆ, ಲಾಡಿಯಿಂದ ಬಿಗಿದು ಕಟ್ಟಿದ ಒಂದು ಕಪ್ಪು ಉಕ್ಕಿನ ಕೊಳವೆ. ಎರಡೂ ತುದಿಗೆ ಚರ್ಮದ ಟೋಪಿ. ಮಧ್ಯದಲ್ಲಿ ಅಂಕಿ ಕೊರೆದ ಹಿತ್ತಾಳೆ ತಿರುಗಣಿ. ನೂರು ವರ್ಷಕ್ಕೂ ಹಿಂದೆ ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಯ ಮಾಲು ಅದು. ಅಂಥದ್ದನ್ನು ಅವನು ಪುಸ್ತಕದ ಮಸುಕು ಚಿತ್ರದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ.

“ಇದೇನಮ್ಮಾ, ಹಳೇ ಪೈಪು?” ಎಂದ, ಆಕಳಿಸುತ್ತ.

“ನಮ್ಮವರದ್ದು,” ಎಂದರು ಅತ್ತಿಗೆ. “ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡ್ತಿದ್ರಲ್ಲ. ಯಾರೋ ಊರು ಬಿಡುವಾಗ ನೆನಪಿಗಿರಲಿ ಅಂತ ಕೊಟ್ಟು ಹೋದ್ರಂತೆ.”

“ಅಯ್ಯೋ, ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀರಿ? ಒಳಗೆ ಬೂಸ್ಟು ಹಿಡಿದಿರತ್ತೆ. ಕಣ್ಣಿಗೆ ಒಳ್ಳೇದಲ್ಲ. ಗುಜರಿಯವನೂ ಮೂಸಿ ನೋಡಲ್ಲ. ಬೇಕಾದ್ರೆ ನಾನೇ ಒಯ್ದು ಬಿಸಾಕ್ತೀನಿ.”

ಟೀಚರ್ ಅವನ ಮುಖ ನೋಡಲಿಲ್ಲ, ಕಿವಿ ನೋಡಿದರು. ಹೋಂವರ್ಕು ನಾಯಿ ತಿಂತು ಎಂದು ಹೇಳಿದ ದಿನವೂ ಅದು ಹೀಗೇ ಕೆಂಪಗಾಗಿತ್ತು.

“ನೀನ್ಯಾಕಪ್ಪ ಅಷ್ಟು ದೂರ ಹೊರ್ತೀಯ,” ಎಂದು ಅವರು ಲಾಡಿ ಬಿಚ್ಚಿದರು, ಕೊಳವೆ ಎತ್ತಿಕೊಂಡರು, ಕಿಟಕಿಯಾಚೆ ಕೈ ಚಾಚಿದರು. “ಕೆಳಗೆ ಕಸದ ತೊಟ್ಟಿ ಸರಿಯಾಗಿ ನೇರಕ್ಕಿದೆ.”

“ಟೀಚರ್!” ಅವನು ಕಿರುಚಿದ ರಭಸಕ್ಕೆ ಲೋಟ ಮಗುಚಿ ಪ್ಯಾಂಟೆಲ್ಲ ನೀರಾಯಿತು. “ಬೇಡಿ! ದಮ್ಮಯ್ಯ! ಒಳಗೆ ತಗೊಳ್ಳಿ!”

ಟೀಚರ್ ಒಳಗೆ ತೆಗೆದುಕೊಂಡು, ಕೊಳವೆಯನ್ನು ಮಡಿಲಲ್ಲಿಟ್ಟು ಕೂತರು. “ಈಗ ಪಾಠ ಒಪ್ಪಿಸು. ಒಂದಕ್ಷರ ಸುಳ್ಳು ಬಂದ್ರೆ ಮತ್ತೆ ಕಿಟಕಿ ಹತ್ರ ಹೋಗ್ತೀನಿ.”

ಅವನು ಒಪ್ಪಿಸಿದ. ಮೊದಮೊದಲಿನ ದುರ್ಬೀನುಗಳು ಬಂದೂಕಿನ ನಳಿಗೆಯಷ್ಟೇ ಉದ್ದದ ಹಿತ್ತಾಳೆ ಕೊಳವೆಗಳಾಗಿದ್ದದ್ದು. ಒಳಗಿನ ಅಡ್ಡಗೆರೆ ಉದ್ದಗೆರೆಗೆ ಜೇಡರ ಎಳೆ ಬಳಸುತ್ತಿದ್ದದ್ದು. ಆಮೇಲೆ ಕೊಳವೆ ಮೊಳದುದ್ದಕ್ಕೆ ಇಳಿದದ್ದು. ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬುವುದನ್ನು ಕಲಿಯುವವರೆಗೆ ಚಳಿಗೆ ಗಾಜು ಮಂಜಾಗಿ ಬೇಟೆಗಾರರು ಬೈದುಕೊಂಡು ಮನೆಗೆ ಮರಳುತ್ತಿದ್ದದ್ದು. ಹೇಳುತ್ತ ಹೇಳುತ್ತ ಅವನಿಗೇ ರಂಗೇರಿತು. ತಾನು ಚೌಕಾಸಿಗೆ ಬಂದವನೆಂಬುದೇ ಮರೆತುಹೋಯಿತು.

“ಅಂದ್ರೆ ಬೆಲೆ ಬಾಳತ್ತೆ ಅನ್ನು,” ಎಂದರು ಅತ್ತಿಗೆ. “ಹಾಗಾದ್ರೆ ಇರು, ಚೆನ್ನಾಗಿ ಉಜ್ಜಿ ಫಳಫಳ ಅನ್ನಿಸಿ ಕೊಡ್ತೀನಿ.” ಪಾತ್ರೆ ಉಜ್ಜುವ ಪುಡಿಗೆ ಕೈ ಹಾಕಿಯೂಬಿಟ್ಟರು.

“ಬೇಡಮ್ಮಾ! ಉಜ್ಜಿದ್ರೆ ಅರ್ಧ ಬೆಲೆ ಹೋಯ್ತು! ಆ ಕಪ್ಪು ಬಣ್ಣ, ಆ ಕೈಜಿಡ್ಡು, ಅದೇ ಅದರ ಸೊಗಸು!”

“ಕೊಳೆಗೂ ದುಡ್ಡಾ? ಮತ್ತೆ ಇಷ್ಟು ವರ್ಷ ನಾನು ಮನೆ ಗುಡಿಸಿ ಕೆಟ್ಟೆನಲ್ಲ!”

“ಬಂದೂಕಿಗೆ ಕಚ್ಚಿಸುವ ಇದರ ಉಕ್ಕಿನ ಕೊಕ್ಕೆ ಇದ್ದು, ಅದರ ಮೇಲೂ ಈ ಕೊಳವೆ ಮೇಲೆ ಕೊರೆದಿರೋ ನಂಬರೇ ಇದ್ರೆ ಬೆಲೆ ಎರಡು ಪಟ್ಟು,” ಎಂದು ಬಾಯಿ ತಪ್ಪಿ ಅಂದುಬಿಟ್ಟ. ಅತ್ತಿಗೆ ಅಡುಗೆಮನೆಗೆ ಹೋದರು. ಏನೇನೋ ಗಡಗಡ ಸದ್ದಾಯಿತು. ಮರಳಿ ಬಂದವರ ಕೈಯಲ್ಲಿ ಒಂದು ಕೊಕ್ಕೆ. ಇಷ್ಟು ದಿನ ಅದು ಪಾತ್ರೆ ಕಪಾಟಿನ ಬಾಗಿಲು ತೆರೆದುಕೊಳ್ಳದಂತೆ ಹಿಡಿದಿತ್ತಂತೆ. ನಂಬರು ಅದೇ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ನಿಜವಾದ ಬೆಲೆಯನ್ನು ಪಿಸುದನಿಯಲ್ಲಿ ಹೇಳಿದ. ಅತ್ತಿಗೆ ಸ್ಟೂಲಿನ ಮೇಲಿದ್ದ ನಿಘಂಟುಗಳ ಮೇಲೆಯೇ ಕೂತುಬಿಟ್ಟರು.

“ಒಂದು ಸಲ ಕಣ್ಣಿಟ್ಟು ನೋಡಲಾ?” ಎಂದು ಬೇಡಿಕೊಂಡ.

ನಾದಿನಿ ಅತ್ತಿಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. “ಇವತ್ತು ಬೇಡ, ಬಿಸಿಲು,” ಎಂದರು ಟೀಚರ್. ಅಷ್ಟರಲ್ಲಿ ಅವನು ಅತ್ತಿಗೆಯನ್ನು ಎಬ್ಬಿಸಿ, ಟೋಪಿ ಕಳಚಿದ ಕೊಳವೆಯನ್ನು ನಿಘಂಟಿನ ಮೇಲಿಟ್ಟು ಬಗ್ಗಿಯಾಗಿತ್ತು.

ಗಾಜು ತಿಳಿನೀರಿನಂತಿತ್ತು. ಎದುರಿಗೆ ಪಾರ್ಕು, ಪಾರ್ಕಿನಲ್ಲಿ ಬೆಂಚು, ಬೆಂಚಿನಲ್ಲಿ ಟೈಲರು. ಟೈಲರು ಚದುರಂಗದ ಮಣೆ ಬಿಡಿಸಿ ಕಾಯಿ ಜೋಡಿಸುತ್ತಿದ್ದ. ಆನೆ, ಕುದುರೆ, ಒಂಟೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಟೈಲರು ತಲೆಯೆತ್ತಿ ನೇರವಾಗಿ ಇದೇ ಕಿಟಕಿಯನ್ನು ನೋಡಿದ. ಅದರ ಪಕ್ಕದಲ್ಲಿದ್ದ, ಟೀಚರ್ ಮನೆಯದೇ ಬಾಲ್ಕನಿಯ ಬಟ್ಟೆ ತಂತಿಯನ್ನು ನೋಡಿದ. ಬರಿದಾಗಿದ್ದ ತಂತಿ ಕಂಡು ಅವನ ಮುಖ ಸಪ್ಪಗಾಯಿತು.

ಕನ್ನಡಕದವನು ಮೆಲ್ಲಗೆ ನೆಟ್ಟಗಾದ. ಟೈಲರು ದಿನಾ ‘ಬೆನ್ನಿಗೆ ಬಿಸಿಲು ಬೇಕು’ ಎಂದು ಹಟ ಮಾಡಿ ಈ ಕಟ್ಟಡಕ್ಕೆ ಮುಖ ಮಾಡಿ ಕೂರುತ್ತಿದ್ದದ್ದು ನೆನಪಾಯಿತು. ತಾನು ಗೆದ್ದ ನಾಲ್ಕು ದಿನ, ಟೀಚರ್ ಕನ್ನಡಕ ತನ್ನ ಅಂಗಡಿಯ ಡ್ರಾಯರಿನಲ್ಲಿತ್ತೆಂಬುದೂ ನೆನಪಾಯಿತು.

“ಟೀಚರ್... ನೀವಾ?”

“ಮತ್ತೆ? ಆ ಟೈಲರಿಗೆ ತಲೆಯೆಲ್ಲಿದೆ?” ಎಂದರು ಟೀಚರ್, ಸ್ವಲ್ಪವೂ ಅಳುಕದೆ. “ಟವೆಲ್ಲಿನ ಬಣ್ಣ ನೋಡಿ ಕಾಯಿ ಯಾವುದು ಅಂತ ತಿಳ್ಕೋಬೇಕು. ಎಷ್ಟನೇ ಕ್ಲಿಪ್ಪೋ ಮಣೆಯಲ್ಲಿ ಅಷ್ಟನೇ ಉದ್ದಸಾಲು. ಪಕ್ಕದಲ್ಲಿ ಎಷ್ಟು ಕಾಲುಚೀಲ ತೂಗ್ತವೋ ಆ ಸಾಲಲ್ಲಿ ಅಷ್ಟನೇ ಮನೆ. ಅವನಿಗೆ ಇಷ್ಟು ಕಲಿಸೋಕೆ ಎರಡು ವಾರ ಹಿಡೀತು.”

“ಅದಕ್ಕೆ ನಿಮಗೇನು ಸಿಗತ್ತೆ?”

“ನನ್ನ ಬಟ್ಟೆಯೆಲ್ಲ ಪುಕ್ಕಟೆ ಹೊಲೀತಾನೆ,” ಎಂದರು ಅತ್ತಿಗೆ. “ಇವಳಿಗೆ ಸಂಜೆ ಹೊತ್ತು ಹೋಗತ್ತೆ. ನಾಲ್ಕು ದಿನದಿಂದ ಪಂಜರದ ಹುಲಿ ಥರ ಮನೆ ಸುತ್ತುತಾ ಇದ್ದಳು. ನಾನು ನೋಡಿ ಹೇಳೋಣ ಅಂದ್ರೆ ನಂಗೆ ಕುದುರೆ ಯಾವುದು ಒಂಟೆ ಯಾವುದು ಗೊತ್ತಾಗಲ್ಲ.”

ಅವನು ಕೆಳಗೆ ಹೋಗಿ ಎಲ್ಲರೆದುರು ಟೈಲರನ ಮಾನ ಕಳೆಯುತ್ತೇನೆ ಎಂದು ಗುಡುಗಿದ. ಟೀಚರ್ ತಣ್ಣಗೆ, “ಕಳಿ. ಮೂರು ತಿಂಗಳು ಟವೆಲ್ಲಿಗೂ ಕಾಲುಚೀಲಕ್ಕೂ ಸೋತವನು ಯಾರು ಅಂತಲೂ ಜನ ಕೇಳ್ತಾರೆ,” ಎಂದರು. ಅವನ ಕಿವಿ ಮತ್ತೆ ಕೆಂಪಾಗತೊಡಗಿತು.

“ಟೀಚರ್, ದುರ್ಬೀನಿಗೆ ನಾನು ಹೇಳಿದ ಬೆಲೆ ಪೂರ್ತಿ ಕೊಡ್ತೀನಿ. ಕೊಕ್ಕೆಗೂ ಸೇರಿಸಿ. ಆದ್ರೆ ಇವತ್ತೊಂದು ಸಂಜೆ ಇದು ಇಲ್ಲೇ ಇರಲಿ. ಇವತ್ತು ನೀವು ನನ್ನ ಕಡೆ.”

ಟೀಚರ್ ಮುಖದಲ್ಲಿ ನಗು ಹರಡಿತು. ಅಂಥ ನಗುವನ್ನು ಅವನು ಒಂಬತ್ತನೇ ಕ್ಲಾಸಿನಲ್ಲಿ ಒಂದು ಸಲವೂ ಕಂಡಿರಲಿಲ್ಲ.

ಐದಕ್ಕೆ ಆಟ ಶುರುವಾಯಿತು. ಬಾಲ್ಕನಿಯಲ್ಲಿ ಟವೆಲ್ಲು ಕಾಣಿಸಿದ್ದೇ ಟೈಲರಿಗೆ ಜೀವ ಬಂತು. ಮೊದಲ ಹತ್ತು ನಡೆ ಟೀಚರ್ ಅವನನ್ನು ರಾಜಮಾರ್ಗದಲ್ಲೇ ನಡೆಸಿದರು. ಕನ್ನಡಕದವನು ಎರಡು ಪೇದೆ, ಒಂದು ಒಂಟೆ ಕಳೆದುಕೊಂಡು, ಇವರು ನಿಜವಾಗಿಯೂ ನನ್ನ ಕಡೆಯೇ ಹೌದಾ ಎಂದು ಬೆವರಿದ. ಹಿಂತಿರುಗಿ ನೋಡುವಂತೆಯೂ ಇಲ್ಲ.

“ಕುದುರೆ ವರಸೆ ಮುಗೀತಾ ಗುರೂ?” ಎಂದು ಟೈಲರು ಹಲ್ಲು ಕಿರಿದ.

ಆಗ ಮೇಲೆ ಕೆಂಪು ಟವೆಲ್ಲು ಬಂತು. ಟೈಲರು ನೋಡಿದ, ಮಣೆ ನೋಡಿದ, ಮತ್ತೆ ಮೇಲೆ ನೋಡಿದ. ಕಣ್ಣುಜ್ಜಿಕೊಂಡ. ಅತ್ತಿಗೆ ಬಾಲ್ಕನಿಗೆ ಬಂದು ಕ್ಲಿಪ್ಪನ್ನು ಇನ್ನೊಮ್ಮೆ ಒತ್ತಿ, ಆರನೆಯ ಕಾಲುಚೀಲ ಒದರಿ ಹಾಕಿ ಹೋದರು. ಟೈಲರು ತನ್ನ ಮಂತ್ರಿಯನ್ನು ಎತ್ತಿ, ಎದುರಾಳಿಯ ಆನೆಯ ಬಾಯಿಯ ಮುಂದೆಯೇ ಇಟ್ಟ.

“ಯೋಚನೆ ಮಾಡಿ ಇಟ್ಟೆಯಾ?” ಕೇಳಿದ ಕನ್ನಡಕದವನು.

“ಅದರ ಹಿಂದೆ ಏನೋ ಇದೆ, ನಿಂಗೆ ಕಾಣಲ್ಲ,” ಎಂದ ಟೈಲರು, ಧೈರ್ಯ ತಂದುಕೊಂಡು.

ಆನೆ ಮಂತ್ರಿಯನ್ನು ನುಂಗಿತು. ಹಿಂದೆ ಏನೂ ಇರಲಿಲ್ಲ. ಟೈಲರು ತಲೆಯೆತ್ತಿದಾಗ ಬಾಲ್ಕನಿಯಲ್ಲಿ ಇಬ್ಬರು ಹೆಂಗಸರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಗುತ್ತ ಕೈ ಬೀಸುತ್ತಿದ್ದರು. ಅವರತ್ತ ತಿರುಗಿ ಕನ್ನಡಕದವನೂ ಕೈ ಬೀಸಿದ. ಟೈಲರಿಗೆ ಒಂದು ಗಳಿಗೆ ತಲೆ ಗಿರ್ರೆಂದಿತು. ಆಮೇಲೆ, “ಥೂ, ಟವೆಲ್ಲೂ ಮೋಸ ಮಾಡ್ತಲ್ಲೋ!” ಎಂದು ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಆ ವಾರ ಅತ್ತಿಗೆಯ ಬಟ್ಟೆಗಳಿಗೆ ತೋಳು ಒಂದು ಉದ್ದ ಒಂದು ಗಿಡ್ಡ ಬಂತು.

ದುರ್ಬೀನು ಕೊಳೆ ಸಮೇತ, ಕೊಕ್ಕೆ ಸಮೇತ ಗಾಜಿನ ಬೀರು ಸೇರಿತು. ಕನ್ನಡಕದವನು ಅದರ ಚರ್ಮದ ಟೋಪಿಯನ್ನು ದಿನಕ್ಕೊಮ್ಮೆ ತೆಗೆದು ನೋಡಿ ಮತ್ತೆ ಹಾಕುತ್ತಾನೆ. ಮೇಲಿನಿಂದ ಕಾಣುವುದು ನಿಂತುಹೋದ ಮೇಲೆ ಟೀಚರ್ ಮೆಟ್ಟಿಲಿಳಿದು ಬಂದು ಬೆಂಚಿನಲ್ಲೇ ಕೂರತೊಡಗಿದರು. ಒಂದು ಆಟ ಇವನೊಂದಿಗೆ, ಒಂದು ಟೈಲರನೊಂದಿಗೆ. ಮೊನ್ನೆ ಇವನು ಹದಿನಾಲ್ಕು ನಡೆಗೆ ಸೋತ. ಟೈಲರು ಹದಿನೇಳರವರೆಗೆ ತಡೆದನಂತೆ. ಅದನ್ನು ಈಗ ಟೈಲರು ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾನೆ.