ವನಜಳ ಕೂದಲು, ಇಂದ್ರಮ್ಮನ ಜಡೆ

ನಾನು ಒಂದು ಚೌರಿ. ತಲೆಯ ಮೇಲಿರುವ ಕೂದಲು ಸಾಲದವರು ಜಡೆಗೆ ಸೇರಿಸಿ ಹೆಣೆದುಕೊಳ್ಳುತ್ತಾರಲ್ಲ, ಆ ಕೂದಲಿನ ಕುಚ್ಚು. ಇಲ್ಲದ್ದನ್ನು ಇದೆ ಎಂದು ತೋರಿಸುವುದೇ ನಮ್ಮ ಕಸುಬು. ಆದ್ದರಿಂದ ಚೌರಿಗಳಿಗೆ ನಾಚಿಕೆ ಎಲ್ಲಿಂದ ಬರಬೇಕು ಎಂದು ನೀವು ನಗಬಹುದು. ನನಗೆ ಬಂದಿದೆ. ಹತ್ತಿರ ಹತ್ತಿರ ನಲವತ್ತು ವರ್ಷದಿಂದ ಅದನ್ನು ಹೊತ್ತುಕೊಂಡೇ ಇದ್ದೇನೆ.

ಬೆನ್ನ ಮೇಲೆ ನೇತಾಡುವವಳು ನಾನು. ಮುಡಿದವರ ಮುಖ ನನಗೆ ಕಾಣಿಸುವುದಿಲ್ಲ. ಅವರ ಕತ್ತು ಬೆವರುವುದು, ಬೆನ್ನು ನೆಟ್ಟಗಾಗುವುದು, ಭುಜ ಕುಗ್ಗುವುದು, ಇಷ್ಟೇ ಗೊತ್ತಾಗುವುದು. ಹಿಂದೆ ಬರುವವರ ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ. ನನ್ನ ಕಥೆಯ ದುಃಖವೂ ಅಲ್ಲಿಯೇ ಇದೆ.

ನಾನು ಹುಟ್ಟಿದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಒಂದು ಹಿತ್ತಿಲಲ್ಲಿ. ಹುಟ್ಟಿದೆ ಅನ್ನುವುದಕ್ಕಿಂತ ಕತ್ತರಿಸಲ್ಪಟ್ಟೆ ಅನ್ನಬೇಕು. ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಚಂದ್ರಯ್ಯನವರ ಮಗಳು ವನಜಾಕ್ಷಿಗೆ ಆಗ ಹದಿನಾರು ವರ್ಷ. ನಾನು ಅವಳ ತಲೆಯಲ್ಲಿ ಮಂಡಿ ಮುಟ್ಟುವಷ್ಟು ಬೆಳೆದಿದ್ದೆ. ಟೈಫಾಯ್ಡ್ ಬಂದು ಇಪ್ಪತ್ತು ದಿನ ಹುಡುಗಿ ಹಾಸಿಗೆ ಬಿಟ್ಟು ಏಳಲಿಲ್ಲ. ನಾನು ಸಿಕ್ಕುಗಟ್ಟಿ ಹಗ್ಗದಂತಾದೆ. ಡಾಕ್ಟರು ತೆಗೆಸಿಬಿಡಿ ಎಂದರು. ಕ್ಷೌರದವನು ಬಂದು ಬುಡದವರೆಗೂ ಕತ್ತರಿ ಆಡಿಸುವಾಗ ತಾಯಿ ಇಂದ್ರಮ್ಮ ನಾನು ನೆಲಕ್ಕೆ ಬೀಳದ ಹಾಗೆ ಸೆರಗೊಡ್ಡಿ ಹಿಡಿದುಕೊಂಡರು.

ವನಜ ಬೋಳುತಲೆ ಮುಟ್ಟಿ ನೋಡಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡ ಕಣೆ. ಚೌರಿ ಕಟ್ಟಿಸಿ ಇಟ್ಟಿರ್ತೀನಿ. ಒಂದು ಗೇಣು ಬೆಳೀಲಿ, ಸೇರ್ಸಿ ಹೆಣೀತೀನಿ. ನಿನ್ನ ಜಡೆ ನಿಂಗೇ" ಎಂದರು ಇಂದ್ರಮ್ಮ.

ಆ ಮಾತು ಮನಸ್ಸಿನಿಂದಲೇ ಬಂದಿತ್ತು. ಅದಕ್ಕೆ ನಾನೇ ಸಾಕ್ಷಿ, ಅವರ ಸೆರಗಿನಲ್ಲೇ ಇದ್ದೆನಲ್ಲ.

ಸಂತೆಬೀದಿಯಲ್ಲಿ ದುರ್ಗಮ್ಮ ಎಂಬ ಮುದುಕಿ ಪಿನ್ನು, ಬಾಚಣಿಗೆ ಮಾರುತ್ತ ಚೌರಿ ಕಟ್ಟಿಕೊಡುತ್ತಿದ್ದಳು. ಅಂಟುವಾಳದ ನೀರಿನಲ್ಲಿ ನನ್ನನ್ನು ತೊಳೆದಳು, ಒಣಗಿಸಿದಳು, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಎಳೆದು ಸಿಕ್ಕು ಬಿಡಿಸಿದಳು. ಕೂದಲಿನ ಬುಡವೆಲ್ಲ ಒಂದೇ ಕಡೆಗಿರಬೇಕು, ಒಂದಿಷ್ಟು ತಲೆಕೆಳಗಾದರೂ ಚೌರಿ ಎರಡೇ ದಿನಕ್ಕೆ ಗಂಟು ಬೀಳುತ್ತದೆ. ಅವಳು ಬುಡ ಸವರಿ ನೋಡಿ, "ಇದು ಬಾಚಿ ಉದುರಿದ್ದಲ್ಲ ಕಣವ್ವ, ಕತ್ತರಿಸಿದ್ದು. ಯಾರ್ದು?" ಎಂದು ಕೇಳಿದಳು.

"ನಮ್ದೇ" ಎಂದರು ಇಂದ್ರಮ್ಮ.

ಮದುವೆ ವಯಸ್ಸಿಗೆ ಬಂದ ಹುಡುಗಿಯ ತಲೆ ಬೋಳಾಗಿದೆ ಎಂದು ಊರಿಗೆ ಗೊತ್ತಾದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ ಎಂಬ ಭಯ ಅವರಿಗೆ. ಅದಕ್ಕೇ ಹಾಗೆ ಹೇಳಿದ್ದು. 'ನಮ್ದೇ' ಎಂಬ ಮಾತು ಎಷ್ಟು ಅನುಕೂಲದ್ದು ನೋಡಿ. ನನ್ನದು ಎಂದೂ ಆಗುತ್ತದೆ, ನಮ್ಮ ಮನೆಯದು ಎಂದೂ ಆಗುತ್ತದೆ, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ. ದುರ್ಗಮ್ಮ ಇಂದ್ರಮ್ಮನ ನಿಂಬೆಹಣ್ಣಿನಷ್ಟು ತುರುಬನ್ನು ಒಮ್ಮೆ ನೋಡಿ, ಸುಮ್ಮನೆ ಕಪ್ಪು ದಾರ ಸುತ್ತಿ ಮೂರು ಎಳೆ ಕಟ್ಟಿಕೊಟ್ಟಳು.

ಮೊದಲ ಸಲ ನನ್ನನ್ನು ಇಂದ್ರಮ್ಮನಿಗೆ ಮುಡಿಸಿದ್ದು ವನಜಳೇ. ಕಡೂರಿನಲ್ಲಿ ಚಂದ್ರಯ್ಯನವರ ತಂಗಿ ಗಿರಿಜಮ್ಮನ ಮಗಳ ಮದುವೆ. ಸ್ಕಾರ್ಫು ಕಟ್ಟಿಕೊಂಡು ಮದುವೆಮನೆಗೆ ಬರಲಾರೆ ಎಂದು ಹುಡುಗಿ ಮನೆಯಲ್ಲೇ ಉಳಿದಳು. "ಸುಮ್ನೆ ಬಿದ್ದಿದೆಯಲ್ಲಮ್ಮ, ನೀನಾದ್ರೂ ಹಾಕ್ಕೊಂಡು ಹೋಗು" ಎಂದು ತಾಯಿಯನ್ನು ಮುಂದೆ ಕೂರಿಸಿಕೊಂಡು, ತನ್ನ ಕೂದಲನ್ನೇ ತಾಯಿಯ ತಲೆಗೆ ಸೇರಿಸಿ ಹೆಣೆದಳು. ತುದಿಗೆ ಕುಚ್ಚು ಕಟ್ಟಿ, "ಅಬ್ಬ, ಎಷ್ಟು ಚೆನ್ನಾಗಿ ಕಾಣ್ತಿದೀಯ!" ಎಂದು ನಕ್ಕಳು. ಜ್ವರ ಬಿಟ್ಟಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಕಡೂರಿನಲ್ಲಿ ನಡೆದದ್ದನ್ನು ಏನೆಂದು ಹೇಳಲಿ! ಗಿರಿಜಮ್ಮ ನನ್ನನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, "ಅತ್ತಿಗೆ, ಇಷ್ಟು ದಿನ ಎಲ್ಲಿ ಮುಚ್ಚಿಟ್ಕೊಂಡಿದ್ರಿ? ಸ್ವಂತ ಕೂದ್ಲಾ?" ಎಂದರು. "ನಮ್ದೇ" ಎಂದರು ಇಂದ್ರಮ್ಮ. ಹೆಂಗಸರು ಕರೆದು ಕರೆದು ಹಿಂದೆ ತಿರುಗಿಸಿ ನೋಡಿದರು. ಫೋಟೋ ತೆಗೆಯುವವನು ಜಡೆ ಕಾಣುವ ಹಾಗೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ. ಸೌದೆ ಒಲೆಯ ಮುಂದೆ ಬಗ್ಗಿ ಬಗ್ಗಿ ಗೂನಾಗಿದ್ದ ಇಂದ್ರಮ್ಮನ ಬೆನ್ನು ಆ ದಿನ ನೆಟ್ಟಗಾಯಿತು. ವನಜ ಯಾಕೆ ಬರಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಪರೀಕ್ಷೆ ಇದೆ" ಎಂದು ಹೇಳಿ ಮಾತು ಮುಗಿಸಿದರು.

ಆಮೇಲೆ ಬಿಡಲಿಕ್ಕಾಗಲಿಲ್ಲ. ಮೊದಮೊದಲು ಶುಕ್ರವಾರದ ಪೂಜೆಗೆ, ಅರಿಸಿನ ಕುಂಕುಮಕ್ಕೆ ಕರೆದವರ ಮನೆಗೆ. ಬರಬರುತ್ತ ಪಕ್ಕದ ಬೀದಿಗೆ ಸೊಪ್ಪು ತರಲು ಹೋಗುವಾಗಲೂ ನಾನು ಬೇಕಾಯಿತು. ಬಾಗಿಲು ತಟ್ಟಿದ ಸದ್ದಾದರೆ, "ಬಂದೆ, ಬಂದೆ" ಎನ್ನುತ್ತ ಒಳಗೆ ಓಡಿ ನನ್ನನ್ನು ಸೇರಿಸಿಕೊಂಡೇ ಬಾಗಿಲು ತೆಗೆಯುತ್ತಿದ್ದರು. ಹಾಲಿನವನಿಗೂ ಜಡೆ ತೋರಿಸಬೇಕೆ? ಆಗ ನಗು ಬರುತ್ತಿತ್ತು, ಈಗ ಬರುವುದಿಲ್ಲ.

ಒಂದೂವರೆ ವರ್ಷ ಕಳೆಯಿತು. ಒಂದು ಭಾನುವಾರ ತಲೆಸ್ನಾನ ಮಾಡಿ ಬಂದ ವನಜ, ಕಿವಿಯ ಪಕ್ಕದ ಕೂದಲನ್ನು ಎಳೆದು ಹಿಡಿದು ಬೆರಳು ಚಾಚಿ ಅಳೆದು ತೋರಿಸಿದಳು. "ನೋಡಮ್ಮ, ಸರಿಯಾಗಿ ಒಂದು ಗೇಣು."

ಇಂದ್ರಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಇನ್ನೂ ಎಳೇ ಕೂದ್ಲು ಕಣೆ. ಚೌರಿ ಭಾರಕ್ಕೆ ಬುಡಾನೇ ಕಿತ್ಕೊಂಡು ಬರುತ್ತೆ. ಇನ್ನೊಂದಷ್ಟು ದಿನ ಹೋಗ್ಲಿ."

"ಆಯ್ತು" ಎಂದು ಹುಡುಗಿ ಎದ್ದು ಹೋದಳು. ನಾನು ಗೋಡೆಯ ಮೊಳೆಗೆ ನೇತುಬಿದ್ದಿದ್ದೆ, ಅವಳ ಕೈಗೆ ಎಟುಕುವಷ್ಟು ಹತ್ತಿರ. ಅವಳು ನನ್ನ ಕಡೆ ಕೈ ಚಾಚಲಿಲ್ಲ.

ಅದಾಗಿ ತಿಂಗಳಿರಬಹುದು. ತಾಯಿ ಮಗಳು ಮಾರ್ಕೆಟ್ಟಿನಿಂದ ಬರುತ್ತಿದ್ದರು. ಇಂದ್ರಮ್ಮ ಮುಂದೆ, ಚೀಲ ಹಿಡಿದ ವನಜ ಹಿಂದೆ. ಎದುರಿಗೆ, ಹೋದ ವರ್ಷವಷ್ಟೇ ಊರಿಗೆ ವರ್ಗವಾಗಿ ಬಂದಿದ್ದ ಗಾರ್ಡ್ ಮಾಧವರಾಯರ ಹೆಂಡತಿ ಪದ್ಮಾವತಮ್ಮ ಸಿಕ್ಕರು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಸ್ವಲ್ಪ ಸಡಿಲ. ಪಕ್ಕಕ್ಕೆ ಬಂದು ನನ್ನನ್ನು ಕಣ್ತುಂಬ ನೋಡಿ ವನಜಳ ಕಡೆ ತಿರುಗಿದರು.

"ಏನಮ್ಮ ವನಜ, ನಿಮ್ಮಮ್ಮಂಗೆ ಈ ವಯಸ್ಸಲ್ಲೂ ಹಾವಿನಂಥ ಜಡೆ. ನಿಂದ್ಯಾಕೆ ಹೀಗೆ ಇಲಿಬಾಲ? ಅಮ್ಮನ್ನ ನೋಡಿ ಕಲಿಯೋದಲ್ವಾ? ತಲೆಗೆ ಎಣ್ಣೆ ಗಿಣ್ಣೆ ಹಚ್ಕೋತೀಯೋ ಇಲ್ವೋ?"

ವನಜ ತಾಯಿಯ ಕಡೆ ನೋಡಿದಳು. ಒಂದೇ ಒಂದು ಮಾತು ಸಾಕಾಗಿತ್ತು. 'ಅವಳಿಗೆ ಜ್ವರ ಬಂದಿತ್ತು' ಎಂದಿದ್ದರೂ ಆಗುತ್ತಿತ್ತು.

ಇಂದ್ರಮ್ಮ ನಕ್ಕರು. "ಹೇಳಿದ್ರೆ ಕೇಳಲ್ಲ ಕಣ್ರೀ. ಈಗಿನ ಹುಡುಗೀರು. ನಾನಂತೂ ಚಿಕ್ಕವಯಸ್ಸಿಂದ ಒಂದು ದಿನಾನೂ ಎಣ್ಣೆ ತಪ್ಪಿಸ್ದೋಳಲ್ಲ. ಇದು ನಂದೇ ಕೂದ್ಲು ಅಂದ್ರೆ ಯಾರೂ ನಂಬಲ್ಲ."

'ನಮ್ದೇ' ಹೋಗಿ 'ನಂದೇ' ಬಂದಿತ್ತು.

ಅಲ್ಲಿಂದ ಮನೆಗೆ ಹತ್ತು ನಿಮಿಷದ ದಾರಿ. ವನಜ ಹಿಂದೆ ಹಿಂದೆಯೇ ನಡೆದಳು. ಅವಳ ಕಣ್ಣು ನನ್ನ ಮೇಲಿತ್ತು. ನಾನು ತಿರುಗಿಕೊಳ್ಳುವ ಹಾಗಿಲ್ಲ, ಮುಖ ಮುಚ್ಚಿಕೊಳ್ಳುವ ಹಾಗಿಲ್ಲ. ಹದಿನಾರು ವರ್ಷ ಎಣ್ಣೆ ಹಚ್ಚಿ ಬೆಳೆಸಿದವಳ ಎದುರಿಗೆ, ಇನ್ನೊಬ್ಬರ ಬೆನ್ನ ಮೇಲೆ ಅತ್ತಿಂದಿತ್ತ ಓಲಾಡುತ್ತ ಹೋದೆ. ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಮಾರನೆಯ ದಿನ ಕಾಲೇಜಿನಿಂದ ವನಜ ಕತ್ತಿನವರೆಗೆ ಕತ್ತರಿಸಿದ ಕೂದಲಿನೊಂದಿಗೆ ಬಂದಳು. ಗೆಳತಿಯೊಬ್ಬಳು ಕತ್ತರಿಸಿಕೊಟ್ಟಿದ್ದಳಂತೆ. ತಾಯಿ ಕಿರುಚಿದರು. ಮಗಳು, "ಉದ್ದ ಕೂದ್ಲು ಬೇಡಮ್ಮ, ಸೆಕೆ" ಎಂದಳು, ಅಷ್ಟೇ. ಇಂದ್ರಮ್ಮನ ಕೂಗು ಅರ್ಧಕ್ಕೇ ನಿಂತಿತು. ಆ ಸಂಜೆ ನನ್ನನ್ನು ಹಳೇ ದಿಂಬಿನ ಚೀಲಕ್ಕೆ ತುಂಬಿ ಟ್ರಂಕಿನ ತಳಕ್ಕೆ ಹಾಕಿದರು. ಮುಂದೆ ಅವರು ನನ್ನನ್ನು ಮುಡಿಯಲೇ ಇಲ್ಲ. ಕೇಳಿದವರಿಗೆಲ್ಲ, ಉದುರಿಹೋಯಿತು ಎನ್ನುತ್ತಿದ್ದರು.

ಆರು ವರ್ಷದ ಮೇಲೆ ವನಜಳ ಮದುವೆಯ ದಿನ ಟ್ರಂಕು ತೆರೆಯಿತು. ಮೊಗ್ಗಿನ ಜಡೆಗೆ ಉದ್ದ ಕೂದಲು ಬೇಕಿತ್ತು. ಇಂದ್ರಮ್ಮ ನನ್ನನ್ನು ಎರಡು ಕೈಯಲ್ಲಿ ಹಿಡಿದು ತಂದು, "ನಿಂದೇ ಅಲ್ವೇನೆ, ಹಾಕ್ಕೊ" ಎಂದರು.

ವನಜ ನನ್ನನ್ನು ಮೂಗಿನ ಹತ್ತಿರ ತಂದು ವಾಪಸು ಕೊಟ್ಟಳು. "ಇದ್ರಲ್ಲಿ ನಿನ್ನ ತಲೆ ವಾಸನೆ ಇದೆಯಮ್ಮ."

ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ವಾಸಿಯಿತ್ತು. ಯಾರದೋ ಅಂಗಡಿಯ ನೈಲಾನ್ ಚೌರಿಗೆ ಮೊಗ್ಗು ಕಟ್ಟಿಸಿಕೊಂಡು ಅವಳು ಹಸೆಮಣೆ ಏರಿದಳು. ನಾನು ಮತ್ತೆ ಟ್ರಂಕಿಗೆ ಬಿದ್ದೆ.

ಚಂದ್ರಯ್ಯನವರು ತೀರಿಹೋದ ಮೇಲೆ ವನಜ ತಾಯಿಯನ್ನು ಹಾಸನದ ತನ್ನ ಮನೆಗೆ ಕರೆತಂದಳು. ಟ್ರಂಕೂ ಬಂತು. ವನಜ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಕೂದಲು ಆಗಲೂ ಕತ್ತಿನವರೆಗೇ. ತಾಯಿಯನ್ನು ಚೆನ್ನಾಗಿಯೇ ನೋಡಿಕೊಂಡಳು, ಆ ವಿಷಯ ಮಾತ್ರ ಒಂದು ದಿನವೂ ಎತ್ತಲಿಲ್ಲ. ಕೊನೆಗೆ ಇಂದ್ರಮ್ಮ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನನ್ನು ತರಿಸಿಕೊಂಡು ಎದೆಯ ಮೇಲೆ ಇಟ್ಟುಕೊಂಡರು.

"ಅವತ್ತು ಪದ್ಮಾವತಮ್ಮನ ಮುಂದೆ ನಾನು ಹಂಗೆ ಹೇಳಬಾರ್ದಿತ್ತು ಕಣೆ."

"ಯಾವತ್ತಮ್ಮ? ನಂಗೆ ನೆನಪೇ ಇಲ್ಲ" ಎಂದಳು ವನಜ.

ಇಂದ್ರಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ನೆನಪೇ ಇಲ್ಲ ಎನ್ನುವವರ ಹತ್ತಿರ ಕ್ಷಮೆ ಕೇಳುವುದು ಹೇಗೆ? ವನಜ ಅಡುಗೆಮನೆಗೆ ಹೋದಳು, ಗಂಜಿ ತಂದಳು, ಲೋಟ ಕೆಳಗಿಟ್ಟಳು. ಆಮೇಲೆ ಮಂಚದ ಅಂಚಿಗೆ ಕೂತಳು.

"ನೆನಪಿದೆಯಮ್ಮ. ಒಂದು ದಿನಾನೂ ಮರ್ತಿಲ್ಲ." ಐವತ್ತು ದಾಟಿದವಳ ದನಿ ಹದಿನೇಳರ ಹುಡುಗಿಯ ದನಿಯಾಗಿತ್ತು. "ಯಾಕಮ್ಮ ಹಂಗಂದೆ?"

ಇಂದ್ರಮ್ಮ ಈ ಕಡೆ ತಿರುಗಿದರು.

"ಚೆನ್ನಾಗಿ ಕಾಣ್ತೀನಿ ಅಂತ ನಂಗೆ ಯಾರೂ ಅಂದಿರ್ಲಿಲ್ಲ ಕಣೆ. ನೀನೇ ಮೊದಲು ಅಂದಿದ್ದು. ಆಮೇಲೆ ಎಲ್ರೂ ಅಂದ್ರು. ಬಿಟ್ಕೊಡೋಕೆ ಆಗ್ಲಿಲ್ಲ. ನಿಂದು ಅಂತ ಗೊತ್ತಿದ್ದೂ ಆಗ್ಲಿಲ್ಲ."

ಕ್ಷಮಿಸಿದೆ ಎಂದು ವನಜ ಹೇಳಲಿಲ್ಲ. ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಕುಡಿಸಿದಳು. ಇಬ್ಬರೂ ಅಳುತ್ತಿದ್ದರು. ಹದಿನೈದು ದಿನದ ಮೇಲೆ ಇಂದ್ರಮ್ಮ ಹೋದರು.

ನಾನೀಗ ವನಜಳ ಬೀರುವಿನ ಮೇಲಿನ ಅರೆಯಲ್ಲಿದ್ದೇನೆ. ವನಜಳ ತಲೆ ಪೂರ್ತಿ ನರೆತಿದೆ, ನಾನಿನ್ನೂ ಕಪ್ಪಗೇ ಇದ್ದೇನೆ. ಅದೂ ಒಂದು ನಾಚಿಕೆಯೇ. ಇಂದ್ರಮ್ಮ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿ ಹಗುರಾದರು. ಉಳಿದವಳು ನಾನು.

ಬೀದಿಯಲ್ಲಿ ಪದ್ಮಾವತಮ್ಮ ಕೇಳಿದಾಗ ಇಂದ್ರಮ್ಮನ ಕತ್ತು ಒಮ್ಮೆ ಬೆವರಿತು. ನಿಜ ಅವರ ಬಾಯಿಗೆ ಬಂದಿತ್ತು, ನನಗೆ ತಿಳಿಯಿತು. ಆ ಗಳಿಗೆಯಲ್ಲಿ ನಾನು ಏನು ಬೇಡಿಕೊಂಡೆ ಗೊತ್ತೆ? ಹೇಳಬೇಡ ತಾಯಿ, ಸುಮ್ಮನಿರು ಎಂದು. ವನಜಳ ತಲೆಯಲ್ಲಿದ್ದಾಗ ನಾನು ಬರೀ ಕೂದಲಾಗಿದ್ದೆ, ಯಾರೂ ಎತ್ತಿ ತೂಗಿ ನೋಡಿರಲಿಲ್ಲ. ಇಂದ್ರಮ್ಮನ ಬೆನ್ನ ಮೇಲೆ ಊರೆಲ್ಲ ನನ್ನನ್ನು ನೋಡುತ್ತಿತ್ತು. ನನಗೆ ವನಜಳ ಹತ್ತಿರ ವಾಪಸು ಹೋಗುವುದು ಬೇಕಿರಲಿಲ್ಲ.

ಇದು ಅವಳಿಗೆ ಗೊತ್ತಿಲ್ಲ. ಈಗಲೂ ಧೂಳು ಒರೆಸುವಾಗ ಅವಳು ದಿಂಬಿನ ಚೀಲವನ್ನು ಮೆಲ್ಲಗೆ ಸವರಿ ಇಡುತ್ತಾಳೆ, ಪಾಪ, ತನ್ನದೇ ಕೂದಲಲ್ಲವೇ ಎಂದು.