ಬೆರಳಾಡಿಸಿದರೆ ಸಾಕು

ನಾನು ಒಂದು ತಂಬೂರಿ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಚೆಗೆ ನನ್ನನ್ನು ಕಂಡವರು ವೇದಿಕೆಯ ಹೂಕುಂಡಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಹೂಕುಂಡಕ್ಕೆ ಸಿಟ್ಟು ಬರುವುದಿಲ್ಲ. ನನಗೆ ಬರುತ್ತದೆ.

ಮಾಗಡಿ ಕಡೆಯ ಹಲಸಿನ ಮರವೊಂದರಿಂದ ಕಾಳಾಚಾರಿ ನನ್ನನ್ನು ಕೆತ್ತಿದ. ಹೊಟ್ಟೆ ಕೊರೆದು, ಕತ್ತು ಜೋಡಿಸಿ, ನಾಲ್ಕು ತಂತಿ ಬಿಗಿದು ಮೀಟಿದರೆ ಒಣ ಸದ್ದು ಬಂತು. ಆಗ ಅವನು ತನ್ನ ಪಂಚೆಯ ಅಂಚಿನಿಂದ ನೂಲಿನ ಎಳೆ ಕಿತ್ತು, ತಂತಿ ಒರಗುವ ಪುಟ್ಟ ಹಲಗೆಯ ಮೇಲೆ, ಪ್ರತಿ ತಂತಿಯ ಕೆಳಗೂ ಒಂದೊಂದು ತೂರಿಸಿದ. ಎಳೆಗಳನ್ನು ಹಿಂದೆ ಮುಂದೆ ಸರಿಸುತ್ತ ಹೋದಾಗ ಒಂದು ಜಾಗದಲ್ಲಿ ನನ್ನ ದನಿ ಅರಳಿತು. ಗುಂಯ್ ಎನ್ನುವ ನಾದ ಅವನ ಕೊಟ್ಟಿಗೆಯನ್ನೆಲ್ಲ ತುಂಬಿತು. ಆ ಎಳೆಗೆ ಜೀವಾಳ ಎನ್ನುತ್ತಾರೆ. ನನ್ನ ಸಿಟ್ಟೆಲ್ಲ ಅದರದ್ದೇ.

ಅಲ್ಲಿಂದ ನಾನು ಮೈಸೂರಿನ ಪಿಟೀಲು ಮೇಷ್ಟ್ರು ಸಂಪತ್ತಯ್ಯಂಗಾರರ ಮನೆ ಸೇರಿದೆ. ಅಲಮೇಲು ಅಲ್ಲಿಗೆ ಪಾಠಕ್ಕೆ ಬರುತ್ತಿದ್ದಳು. ಲಂಗದ ಹುಡುಗಿ, ನನ್ನ ಅರ್ಧ ಎತ್ತರವೂ ಇರಲಿಲ್ಲ. ಮೇಷ್ಟ್ರು ಅವಳಿಗೆ ಪಿಟೀಲು ಕೊಡುವ ಮೊದಲು ನನ್ನನ್ನು ಕೊಟ್ಟರು. ನನ್ನ ಷಡ್ಜ, ಆ ಮೊದಲ ಸ್ವರ, ಅವಳ ಕಿವಿಯಲ್ಲಿ ಮನೆ ಮಾಡಿದ್ದು ಆಗಲೇ.

ಮೇಷ್ಟ್ರು ಒಂದು ಬೇಸಿಗೆಯಲ್ಲಿ ಪಕ್ಕದ ಶಾಲೆಯ ಹಾಲಿನಲ್ಲಿ ತಂತಿವಾದ್ಯಗಳ ಶಿಬಿರ ಶುರುಮಾಡಿದರು. ತಿಂಗಳಿಡೀ ಊರಿನ ಅಧ್ಯಾಪಕರು ಕಲಿಸಬೇಕು, ನಡುನಡುವೆ ಅತಿಥಿ ಕಲಾವಿದರು ಬರಬೇಕು, ಕೊನೆಯ ದಿನ ಮಕ್ಕಳು ತಮ್ಮ ಟೀಚರ್ ಜೊತೆ ಕೂತು ನುಡಿಸಬೇಕು. ಆಗಿನ ಅತಿಥಿಗಳೆಂದರೆ ಅತಿಥಿಗಳು. ವೀಣೆಯ ತುಂಗಮ್ಮ ಬಂದವರೇ ಕಾಫಿಯನ್ನೂ ಮುಟ್ಟದೆ ನನ್ನ ಮುಂದೆ ಕೂರುತ್ತಿದ್ದರು.

"ಮೊದ್ಲು ಇದರ ಮಾತು ಕೇಳ್ರಮ್ಮ. ನನ್ನ ಮಾತು ಆಮೇಲೆ" ಎಂದು ಮಕ್ಕಳಿಗೆ ಹೇಳುತ್ತಿದ್ದರು.

ಮೇಷ್ಟ್ರು ತೀರಿಕೊಂಡ ಮೇಲೆ ನಾನು ಶಿಬಿರದ ಸ್ವತ್ತಾದೆ. ಅಲಮೇಲು ಅಲ್ಲಿ ಪಿಟೀಲು ಟೀಚರ್ ಆದಳು. ಅವಳ ತಲೆ ನೆರೆತರೂ ನನಗೆ ಅವಳು ಅದೇ ಹುಡುಗಿ. ಮಕ್ಕಳ ಪುಟ್ಟ ಪಿಟೀಲುಗಳನ್ನೆಲ್ಲ ದಿನವೂ ನನ್ನ ಶ್ರುತಿಗೇ ಕೂಡಿಸುತ್ತಿದ್ದಳು. ಹೀಗೇ ನಡೆದಿದ್ದರೆ ಈ ಕತೆಯನ್ನು ಹೇಳುವ ಅಗತ್ಯವೇ ಬರುತ್ತಿರಲಿಲ್ಲ.

ಹರಿಕಿರಣ್ ಎಂಬ ಪಿಟೀಲು ವಿದ್ವಾಂಸ ಬಂದ. ದೇಶ ಸುತ್ತಿದವನು, ಕೈ ಚೆನ್ನಾಗಿತ್ತು, ಆ ಬಗ್ಗೆ ಸುಳ್ಳು ಹೇಳಲಾರೆ. ಸಮಾರೋಪದ ದಿನ ಮಧ್ಯಾಹ್ನ ಬಂದು, ಮಕ್ಕಳ ನಡುವೆ ಅಲಮೇಲುವಿನ ಜಾಗದಲ್ಲಿ ಕೂತ. ಶಿಬಿರದ ಕಾರ್ಯದರ್ಶಿ ವರದರಾಜು ಅವಳನ್ನು ನನ್ನ ಜೊತೆ ಹಿಂದಕ್ಕೆ ಕಳಿಸಿದ. ಹರಿಕಿರಣ್ ಮೈಕಿನ ಪಕ್ಕ ಫೋನ್ ಇಟ್ಟು ಶ್ರುತಿ ಹಾಕಿದ. ಅದು ನನ್ನದಕ್ಕಿಂತ ಅರ್ಧ ಮನೆ, ಎಂದರೆ ಅರ್ಧ ಸ್ವರದಷ್ಟು, ಮೇಲಿತ್ತು.

"ಸರ್, ಮಕ್ಕಳು ತಿಂಗಳಿಂದ ಈ ಶ್ರುತೀಲಿ ನುಡಿಸ್ತಿದ್ದಾರೆ. ಈಗ ಏರಿಸಿದ್ರೆ ತಂತಿ ನಿಲ್ಲಲ್ಲ. ನೀವು ಸ್ವಲ್ಪ ಇಳಿಸ್ಕೋಬಹುದಾ?" ಎಂದಳು ಅಲಮೇಲು.

"ಮೈಕ್ ನನಗೊಬ್ಬನಿಗೇ ಇರೋದು ಮೇಡಂ. ಮಕ್ಕಳದ್ದು ಯಾರಿಗೂ ಕೇಳಿಸಲ್ಲ, ಕಮಾನು ಆಡಿಸಿದ್ರೆ ಸಾಕು. ನೀವೂ ಅಷ್ಟೆ, ತಂಬೂರಿ ಸದ್ದು ಬೇಡ. ಸುಮ್ನೆ ಬೆರಳಾಡಿಸ್ತಾ ಇರಿ, ವಿಡಿಯೋಗೆ ಚೆನ್ನಾಗಿರುತ್ತೆ."

"ಆ ದಾರ ತೆಗ್ದುಬಿಡಿ ಮೇಡಂ, ಸದ್ದು ತಾನಾಗೇ ಕಮ್ಮಿ ಆಗುತ್ತೆ" ಎಂದು ವರದರಾಜು ದನಿಗೂಡಿಸಿದ.

ಅಲಮೇಲು ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ತನ್ನ ಉಗುರಿನಿಂದಲೇ ನನ್ನ ಜೀವಾಳ ಕಿತ್ತಳು, ಒಂದಾದ ಮೇಲೊಂದು. ಹರಿಕಿರಣನ ಮೇಲೆ ನನಗೆ ಬಂದದ್ದು ಸಿಟ್ಟು. ಅವಳ ಮೇಲೆ ಬಂದದ್ದಕ್ಕೆ ಆ ಮಾತು ಸಾಲದು. ನನ್ನ ಮಡಿಲಲ್ಲಿ ಬೆಳೆದವಳು ನನ್ನ ನಾಲಿಗೆ ಕಿತ್ತಿದ್ದಳು.

ಸಂಜೆ ಹಾಲ್ ತುಂಬಿತು. ತಮ್ಮ ಮಕ್ಕಳ ಪಿಟೀಲು ಕೇಳಲು ಬಂದ ತಾಯಿ ತಂದೆಯರೇ ಎಲ್ಲ. ಹರಿಕಿರಣ್ ಕಮಾನು ಎತ್ತಿಕೊಂಡ. ಮಕ್ಕಳೂ ಎತ್ತಿಕೊಂಡರು. ಎರಡು ಶ್ರುತಿ ಡಿಕ್ಕಿ ಹೊಡೆದು ಬೆಕ್ಕುಗಳ ಜಗಳದಂತಾಯಿತು. ಮುಂದಿನ ಸಾಲಿನ ನಿರುಪಮಾ ಎಂಬ ಪುಟ್ಟಿ ತಪ್ಪು ತನ್ನದೇ ಎಂದುಕೊಂಡು ಕಮಾನು ಇಳಿಸಿ, ತಿರುಗಿ ಟೀಚರ್ ಮುಖ ನೋಡಿದಳು. ಕಣ್ಣು ತುಂಬಿತ್ತು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವನು ಮಾತ್ರ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ.

ಅಲಮೇಲು ನನ್ನನ್ನು ಎಡಗೈಯಲ್ಲಿ ಹಿಡಿದುಕೊಂಡೇ ಮುಂದೆ ಜರುಗಿ ಫೋನ್ ಆರಿಸಿದಳು. ಆಮೇಲೆ ಬಾಯಿಬಿಟ್ಟು ಷಡ್ಜ ಹಾಡಿದಳು. ಇಂಪಾದ ಕಂಠವೇನಲ್ಲ, ಆದರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದ ನನ್ನ ಷಡ್ಜ. ಬೆರಳು ತಾಕದೆಯೇ ನನ್ನ ತಂತಿಗಳು ಒಳಗೊಳಗೇ ನಡುಗಿದವು. ಒಂದೇ ಶ್ರುತಿಯ ದನಿ ಹತ್ತಿರ ಬಂದರೆ ನಮ್ಮ ಜಾತಿ ಹಾಗೆ ಅದುರುತ್ತದೆ, ಸಿಟ್ಟಿದ್ದರೂ ತಡೆಯಲಾಗುವುದಿಲ್ಲ.

ನಿರುಪಮಾ ಕಮಾನು ಎತ್ತಿದಳು. ಎಲ್ಲರೂ ಎತ್ತಿದರು. ಮೈಕಿಲ್ಲದ ಮಕ್ಕಳ ವಾದನ ಹಾಲಿನ ಕೊನೆಯ ಬಾಗಿಲವರೆಗೂ ಕೇಳಿಸಿತು. ಹರಿಕಿರಣ್ ಪಿಟೀಲು ಇಳಿಸಿ, ಕ್ಯಾಮೆರಾ ನೋಡಿ, ತಾನೇ ಕಲಿಸಿದವನಂತೆ ನಗುತ್ತ ತಾಳ ಹಾಕತೊಡಗಿದ. ಹಾರವೂ ಶಾಲೂ ಅವನ ಕೊರಳಿಗೇ ಬಿದ್ದವು.

"ನಿಮಗೂ ವಯಸ್ಸಾಯ್ತು ಮೇಡಂ, ಮುಂದಿನ ವರ್ಷ ರೆಸ್ಟ್ ತಗೊಳ್ಳಿ" ಎಂದ ವರದರಾಜು.

"ಹಾಗಾದ್ರೆ ತಂಬೂರಿ ನಾನು ತಗೊಂಡ್ಹೋಗ್ಲಾ?"

"ಅದು ಸ್ಟೇಜಿಗೆ ಬೇಕು."

ಹೀಗೆ ನುಡಿಸುವವಳನ್ನು ಕಳಿಸಿ ನನ್ನನ್ನು ಉಳಿಸಿಕೊಂಡರು. ವರ್ಷ ವರ್ಷವೂ ನನ್ನ ಕತ್ತಿಗೆ ಸೇವಂತಿಗೆ ಸುತ್ತಿ, ಯಾರೋ ಒಬ್ಬರ ಕೈಗೆ ಕೊಟ್ಟು, ಬೆರಳಾಡಿಸು ಎನ್ನುತ್ತಾರೆ. ಮೂರು ತಂತಿ ತುಕ್ಕು ಹಿಡಿದು ಹೋದವು. ಹರಿಕಿರಣ್ ಪ್ರತಿ ಬೇಸಿಗೆ ಬರುತ್ತಾನೆ. ಅವನ ಷಡ್ಜಕ್ಕೆ ಉಳಿದ ಒಂದು ತಂತಿ ಒಮ್ಮೆಯೂ ಅದುರಿಲ್ಲ.

ಹೋದ ಬೇಸಿಗೆ ಅಲಮೇಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕಾರ್ಯಕ್ರಮಕ್ಕೆ ಮುಂಚೆ, ಅತಿಥಿಗಳು ಮೈಕ್ ಸರಿಮಾಡಿಕೊಳ್ಳುತ್ತಿದ್ದಾಗ, ಮಂಡಿ ಹಿಡಿದುಕೊಂಡು ವೇದಿಕೆ ಹತ್ತಿ ನನ್ನ ಪಕ್ಕ ಕೂತಳು. ಬಿರಡೆ ತಿರುಗಿಸಿ ಉಳಿದ ತಂತಿ ಬಿಗಿದಳು. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಅದರ ಕೆಳಗೆ ತೂರಿಸಿದಳು. ಜಾಗ ತಪ್ಪಲಿಲ್ಲ.

"ಮೇಡಂ, ಮೈಕ್ ಆನ್ ಇದೆ, ಸದ್ದು ಬರುತ್ತೆ" ಎಂದು ವರದರಾಜು ಓಡಿಬಂದ.

"ಬರ್ಲಿ. ತಂಬೂರಿ ಅಲ್ವಾ" ಎಂದಳು ಅವಳು, ಮೀಟಿದಳು.

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಂಪಾಗಿ ನುಡಿಯಿತು ಎಂದು ಆಮೇಲೆ ಯಾರೋ ಹೇಳಿದರಂತೆ. ನಾನು ನುಡಿದದ್ದಲ್ಲ ಅದು. ಇಷ್ಟು ವರ್ಷ ಬಾಯಿ ಕಟ್ಟಿಸಿಕೊಂಡು ಕೂತ ನಾನು ಅವರನ್ನೆಲ್ಲ ಬೈದೆ, ಅಲಮೇಲುವನ್ನೂ ಸೇರಿಸಿ. ಅವಳಿಗೆ ಮಾತ್ರ ಅದು ಅರ್ಥವಾಯಿತು. ತಲೆ ತಗ್ಗಿಸಿ, ನಾನು ಬೈದು ಮುಗಿಸುವವರೆಗೂ ಮೀಟುತ್ತಲೇ ಇದ್ದಳು.