ಮೂವತ್ತೆರಡಾದ ಮೇಲೆ ನಲವತ್ತೊಂಬತ್ತು

ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಒಂದು ಬೈಂಡಿಂಗ್ ಅಂಗಡಿ, ಮೂರು ಅಡುಗೆ ಪುಸ್ತಕ ಮತ್ತು ಅಮ್ಮ. ಅಂಗಡಿ ನನಗೆ ಬಂತು, ಅಮ್ಮನೂ ನನ್ನ ಜೊತೆಗೇ ಇದ್ದಾಳೆ. ಪುಸ್ತಕಗಳಿಗಾದರೂ ನನ್ನ ತಮ್ಮ ಪೈಪೋಟಿಗೆ ಬರಬಹುದಿತ್ತು. ಅವನು ಹಲ್ಲಿನ ಡಾಕ್ಟರು. ಬೇರೆಯವರ ಬಾಯಿಗೆ ಕೈ ಹಾಕಿ ಬದುಕುವವನಿಗೆ ಒಂದು ಲೋಟ ನೀರು ಕಾಯಿಸಲು ಬರುವುದಿಲ್ಲ. ಭಾನುವಾರ ಬಂದು ಉಂಡು ಹೋಗುವುದಷ್ಟೇ ಅವನ ಪಾಲು.

ಭಾನುವಾರದ ಅಡುಗೆ ಮೊದಲಿನಿಂದಲೂ ಅಪ್ಪನದು. ವಾರವಿಡೀ ಊರವರ ಪುಸ್ತಕ ಹೊಲಿದು, ಅಂಟು ಹಚ್ಚಿ, ಅಂಚು ಕತ್ತರಿಸಿ, ಆ ದಿನ ತಮ್ಮ ಸ್ವಂತ ಪುಸ್ತಕ ಬಿಚ್ಚಿಟ್ಟುಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದರು. ಇನ್ನೊಬ್ಬರು ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಪುಸ್ತಕ 'ಹೆಚ್ಚು' ಎಂದರೆ ಹೆಚ್ಚುವರು, 'ಕಾಯು' ಎಂದರೆ ಗಡಿಯಾರ ನೋಡಿಕೊಂಡು ಕಾಯುವರು. "ಪುಸ್ತಕದಲ್ಲಿ ಹಾಕಿದಾರೆ ಅಂದ್ರೆ ಸುಮ್ನೆ ಹಾಕಿರ್ತಾರಾ?" ಎನ್ನುವುದು ಅವರ ವೇದವಾಕ್ಯ.

ಅಮ್ಮ ಮೇಜಿನ ತುದಿಯಲ್ಲಿ ಕೂತು ತಪ್ಪು ತೆಗೆಯುತ್ತಿದ್ದಳು. ಉಪ್ಪು ಕಡಿಮೆ, ಹುಳಿ ಜಾಸ್ತಿ, ತೊಳೆಯಬೇಕಾದ ಪಾತ್ರೆ ಇನ್ನೂ ಜಾಸ್ತಿ. ಬೈಯುತ್ತ ಬೈಯುತ್ತಲೇ ಎರಡು ಸಲ ಬಡಿಸಿಕೊಳ್ಳುವಳು. ಅಪ್ಪ ಮೀಸೆಯಡಿಯಲ್ಲೇ ನಗುತ್ತ ಬಡಿಸುವರು.

ಅಪ್ಪ ಹೋಗಿ ಎಂಟು ತಿಂಗಳಾಯಿತು. ಅಂದಿನಿಂದ ಅಮ್ಮ ಏನು ಕೊಟ್ಟರೂ "ಚೆನ್ನಾಗಿದೆ" ಎನ್ನುತ್ತಾಳೆ. ನಾನು ಸೀಸಿದ ಬ್ರೆಡ್ಡೂ ಚೆನ್ನಾಗಿದೆ, ತಮ್ಮ ತಂದ ರಟ್ಟಿನಂಥ ಬಿಸ್ಕತ್ತೂ ಚೆನ್ನಾಗಿದೆ. ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಗತೊಡಗಿತು. ತಪ್ಪು ತೆಗೆಯದ ಅಮ್ಮ ಅಮ್ಮನೇ ಅಲ್ಲ. ಅಪ್ಪನ ಹಿಂದೆಯೇ ಅವಳೂ ಒಂದೊಂದು ಹೆಜ್ಜೆ ಇಡುತ್ತಿದ್ದಾಳೇನೋ ಅನ್ನಿಸುತ್ತಿತ್ತು. ಹೇಗಾದರೂ ಮಾಡಿ ಅವಳ ಬಾಯಿಂದ ಒಂದು ಬೈಗುಳ ಹೊರಡಿಸಬೇಕು, ಅದಕ್ಕೆ ಅಪ್ಪನ ಕುಂಬಳಕಾಯಿ ಸೂಪೇ ಸರಿ ಎಂದು ನಿಶ್ಚಯಿಸಿದೆ. ಅಂಥ ಸೂಪನ್ನು ಬೇರೆ ಯಾರ ಮನೆಯಲ್ಲೂ ನಾನು ಉಂಡಿಲ್ಲ. ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ತಳ ಹಿಡಿದ ಕೆಂಪು ಪದರಕ್ಕಾಗಿ ನಾನೂ ತಮ್ಮನೂ ಜುಟ್ಟು ಹಿಡಿದು ಜಗಳವಾಡಿದ್ದೇವೆ.

ಮೂರರಲ್ಲಿ ದಪ್ಪನೆಯ ಪುಸ್ತಕ ತೆಗೆದು ನೋಡಿದರೆ ಹೊಲಿಗೆ ಸಡಿಲ, ಬೆನ್ನು ಬಿರುಕು. ಬೈಂಡಿಂಗ್ ಮಾಡುವವಳ ಮನೆಯಲ್ಲಿ ಇದಕ್ಕಿಂತ ಮಾನಗೇಡು ಉಂಟೆ? ಬಿಚ್ಚಿ ಹೊಲಿಯಲು ಕೂತೆ. ಹದಿನಾರು ಪುಟದ ಒಂದೊಂದು ಕಟ್ಟಿಗೆ ನಾವು ಫಾರಂ ಎನ್ನುತ್ತೇವೆ. ಎಣಿಸುತ್ತ ಹೋದರೆ, ಮೂರನೆಯ ಫಾರಂ ಇರಬೇಕಾದಲ್ಲಿ ನಾಲ್ಕನೆಯದು ಕೂತಿದೆ, ಅದರ ಜಾಗದಲ್ಲಿ ಮೂರನೆಯದು! ಮೂವತ್ತೆರಡನೆಯ ಪುಟವಾದ ಮೇಲೆ ಸೀದಾ ನಲವತ್ತೊಂಬತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

"ಅಪ್ಪಾ, ಇದು ಗಿರಾಕಿ ಕೈಗೆ ಸಿಕ್ಕಿದ್ರೆ ಏನ್ ಗತಿ?" ಎಂದು ಅಂಗಡಿಯ ಗೋಡೆಯ ಮೇಲಿದ್ದ ಅವರ ಫೋಟೋವನ್ನೇ ಕೇಳಿದೆ. ಫಾರಂಗಳನ್ನು ಕ್ರಮಕ್ಕೆ ತಂದು, ಹೊಲಿದು, ಹೊಸ ರಟ್ಟು ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಭಾನುವಾರ ಅಪ್ಪನ ಹಾಗೆಯೇ ಪುಸ್ತಕ ಬಿಚ್ಚಿಟ್ಟುಕೊಂಡು ನಿಂತೆ. ಮೂವತ್ತೆರಡನೆಯ ಪುಟ: ಈರುಳ್ಳಿ ಹುರಿ, ಕುಂಬಳಕಾಯಿ ಬೇಯಿಸು, ಮಸೆ. ಮೂವತ್ತಮೂರನೆಯ ಪುಟ: ಹಾಲು ಬೆರೆಸು, ಕಾಳುಮೆಣಸು ಉದುರಿಸು, ಸೋಸಿ ಬಡಿಸು. ಬಡಿಸಿದೆ.

ತಮ್ಮ ಒಂದು ಚಮಚ ಕುಡಿದು, "ಅಕ್ಕಾ, ಇದಕ್ಕೆ ಹಲ್ಲೇ ಬೇಡ. ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯ ನೀನು" ಎಂದ.

"ಚೆನ್ನಾಗಿದೆ" ಎಂದಳು ಅಮ್ಮ. ಅರ್ಧ ಬಟ್ಟಲು ಹಾಗೇ ಬಿಟ್ಟು ಕೋಣೆಗೆ ಹೋದಳು.

ನನಗೆ ಅಳುವೇ ಬಂತು. ಸೌಟನ್ನು ಸಿಂಕಿಗೆ ಎಸೆದೆ. ಸಮಾಧಾನ ಮಾಡಲು ಬಾರದ ತಮ್ಮ ಸುಮ್ಮನೆ ಪುಸ್ತಕ ತಿರುವುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲಿ ನೋಡೇ. ಮೇಲಿನ ಹಲ್ಲಿದೆ, ಕೆಳಗಿನದು ಎಲ್ಲಿ?" ಎಂದ.

ಮೂವತ್ತೆರಡನೆಯ ಪುಟದ ಹೊಲಿಗೆಯ ಅಂಚಿನಲ್ಲಿ ಎಣ್ಣೆಯ ಕಲೆ, ಅರ್ಧ ಚಂದ್ರನ ಹಾಗೆ. ಎದುರಿನ ಪುಟದಲ್ಲಿ ಉಳಿದರ್ಧ ಇರಬೇಕಲ್ಲ, ಆ ಪುಟ ಅಚ್ಚ ಬಿಳುಪಾಗಿತ್ತು. ಪುಸ್ತಕ ಕಿತ್ತುಕೊಂಡು ನಲವತ್ತೊಂಬತ್ತನೆಯ ಪುಟ ತೆಗೆದೆ. ಉಳಿದರ್ಧ ಅಲ್ಲಿ ಕೂತಿತ್ತು.

ಆ ಪುಟದ ತಲೆಯಲ್ಲಿದ್ದದ್ದು ಸೇಬಿನ ಮುರಬ್ಬದ ಕೊನೆಯ ಭಾಗ. ನಿಂಬೆ ಸಿಪ್ಪೆ ತುರಿದು ಹಾಕು, ಚಕ್ಕೆ ಪುಡಿ, ಎರಡು ಚಮಚ ಸಕ್ಕರೆ, ತಳ ಕೆಂಪಾಗುವ ತನಕ ಸೌಟು ಆಡಿಸದೆ ಬಿಡು. ಪುಣ್ಯಾತ್ಮರು ಕುಂಬಳಕಾಯಿ ಸೂಪು ಶುರುಮಾಡಿ, ಪ್ರತಿ ಸಲವೂ ಸೇಬಿನ ಮುರಬ್ಬದಲ್ಲಿ ಮುಗಿಸಿದ್ದರು. ಪುಸ್ತಕದಲ್ಲಿ ಹಾಕಿದಾರೆ ಅಂದರೆ ಸುಮ್ಮನೆ ಹಾಕಿರ್ತಾರಾ!

ಅರ್ಧ ಕುಂಬಳಕಾಯಿ ಉಳಿದಿತ್ತು. ಮತ್ತೆ ಒಲೆ ಹಚ್ಚಿದೆ. ಚಕ್ಕೆ, ನಿಂಬೆ, ಸಕ್ಕರೆ ಬಿದ್ದು ತಳ ಹಿಡಿಯತೊಡಗಿದಾಗ ತಮ್ಮ ಕೂತಲ್ಲಿಂದ ಎದ್ದು ನಿಂತ. "ಅಪ್ಪ ಬಂದ ಹಾಗಾಯ್ತಲ್ಲೇ" ಎಂದ.

"ಯಾರದು ತಳ ಸೀಸ್ತಿರೋದು?" ಎನ್ನುತ್ತ ಅಮ್ಮ ಕೋಣೆಯಿಂದ ಬಂದಳು. ಯಾರೂ ಕರೆಯದೆಯೇ ತನ್ನ ಜಾಗದಲ್ಲಿ ಕೂತಳು. ಬಟ್ಟಲು ಇಟ್ಟೆ. ಒಂದು ಚಮಚ ಬಾಯಿಗಿಟ್ಟಳು.

"ಉಪ್ಪು ಕಡಿಮೆ" ಎಂದಳು. "ಸೂಪಿಗೆ ಯಾರಾದ್ರೂ ಸಕ್ಕರೆ ಹಾಕ್ತಾರಾ? ನಲವತ್ತು ವರ್ಷ ಇದನ್ನ ತಿಂದಿದೀನಿ, ಕರ್ಮ. ಇನ್ನೊಂದು ಸೌಟು ಹಾಕು."

ಹಾಕಿದೆ. ಹಾಕುತ್ತ ಹಾಕುತ್ತ, ಅಪ್ಪ ಫಾರಂ ಅದಲುಬದಲು ಮಾಡಿದ್ದನ್ನು ಹೇಳಿ ನಕ್ಕೆ.

ಅಮ್ಮ ನಗಲಿಲ್ಲ. "ಗೊತ್ತು ಕಣೇ. ಮದುವೆಯಾದ ಹೊಸದರಲ್ಲಿ ಹಾಳೆಹಾಳೆಯಾಗಿ ಬಿದ್ದಿತ್ತು ಆ ಪುಸ್ತಕ. ರಾತ್ರಿಯೆಲ್ಲ ಕೂತು ಹೊಲಿದು ನನ್ನ ಕೈಗೆ ಕೊಟ್ರು. ಅವರು ಒಬ್ಬರೇ ಕಟ್ಟಿದ ಮೊದಲನೇ ಪುಸ್ತಕ ಅದು. ಅವತ್ತೇ ನೋಡ್ದೆ, ಮೂವತ್ತೆರಡಾದ ಮೇಲೆ ನಲವತ್ತೊಂಬತ್ತು."

"ಮತ್ತೆ ಹೇಳೋದಲ್ವಾ? ಉಪ್ಪು, ಹುಳಿ, ಪಾತ್ರೆ, ಎಲ್ಲದಕ್ಕೂ ಬೈತಿದ್ದೆ!"

"ಈ ಮಾತು ಬಾಯಿಗೆ ಬರಬಾರದು ಅಂತಾನೇ ಅದನ್ನೆಲ್ಲ ಹೇಳ್ತಿದ್ದೆ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡವಳ ಕಣ್ಣು ಮೇಜಿನ ಮೇಲಿದ್ದ ಪುಸ್ತಕದ ಹೊಸ ರಟ್ಟಿನ ಮೇಲೆ ಬಿತ್ತು. ಒಳಗೆ ತಿರುವಿ ನೋಡಿದಳು. "ಇದನ್ನ ಸರಿ ಮಾಡಿದ ಜಾಣೆ ಯಾರು?"

ತಮ್ಮ, ನಾಚಿಕೆಗೆಟ್ಟವನು, ನನ್ನತ್ತ ಬೆರಳು ಮಾಡಿ ತೋರಿಸಿದ.

"ಬಿಚ್ಚು" ಎಂದಳು ಅಮ್ಮ.

ಸೋಮವಾರ ಗಿರಾಕಿಗಳ ಕೆಲಸ ಬದಿಗಿಟ್ಟು, ನನ್ನ ಹೊಸ ಹೊಲಿಗೆಯನ್ನು ನಾನೇ ಕತ್ತರಿಸಿದೆ. ಇದ್ದುದರಲ್ಲೇ ಗಟ್ಟಿ ದಾರ ತೆಗೆದು, ಎರಡೆರಡು ಸಲ ಎಣಿಸಿ, ನಾಲ್ಕನೆಯ ಫಾರಂ ಮೊದಲು, ಮೂರನೆಯದು ಆಮೇಲೆ ಇಟ್ಟು ಹೊಲಿದೆ. ಸರಿಯಾದ ಕ್ರಮದಲ್ಲಿ ಹೊಲಿದ ಯಾವ ಪುಸ್ತಕಕ್ಕೂ ನಾನು ಇಷ್ಟು ಜೋಪಾನ ಮಾಡಿಲ್ಲ. ಸಂಜೆ ಅಮ್ಮ ಅಂಗಡಿಗೇ ಬಂದಳು. ಕನ್ನಡಕ ಏರಿಸಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದಳು. ಮೂವತ್ತೆರಡು, ನಲವತ್ತೊಂಬತ್ತು. ಎಣ್ಣೆಯ ಕಲೆ ಅಂಚಿಗೆ ಅಂಚು ಕೂಡಿ ದುಂಡಗಾಗಿತ್ತು. ಅದರ ಮೇಲೆ ಒಮ್ಮೆ ಕೈಯಾಡಿಸಿ ಪುಸ್ತಕ ಮುಚ್ಚಿದಳು.

"ಹೊಲಿಗೆ ಸಡಿಲ" ಎಂದಳು.